ಹಿಂತೆಗೆದುಕೊಳ್ಳದ ಸೂಚನೆ

ನಮ್ಮ ಸೀಮೆಯಿಂದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಹೋಗಿಬಂದ ಹಿರಿಯರು ಹಲವರು. ಅಲ್ಲಿ ಸೋತು ಬಂದುದಕ್ಕಾಗಿಯೇ ಜನರ ಗೌರವಕ್ಕೆ ಪಾತ್ರರಾದವರು ಗೋಣಿಬೀಡಿನ ಶ್ರೀ ತಮ್ಮಯ್ಯನವರೊಬ್ಬರೇ. ಸದಸ್ಯತ್ವದಿಂದ ನಿವೃತ್ತರಾದ ಅವರನ್ನು ಅಭಿನಂದಿಸುವ ಈ ಸಂಪುಟದಲ್ಲಿ ಆ ಸೋಲಿನ ಕಥೆಯನ್ನು ಹೇಳುವುದೇ ಉಚಿತವೆಂದು ತೋರುತ್ತದೆ.

ದಸರೆಯ ಹೊತ್ತಿಗೆ ನೆರೆಯುತ್ತಿದ್ದ ಆ ಸಭೆ ನಾಡಿನ ಕಷ್ಟವನ್ನು ಅರುಹಬಲ್ಲದಾಗಿತ್ತು, ಆಜ್ಞೆ ಮಾಡಬಲ್ಲದಾಗಿರಲಿಲ್ಲ. ಆದರೂ ಜರಿಪೇಟ ಸುತ್ತಿ ಮೊದಲ ಬಾರಿ ಒಳಹೊಕ್ಕ ತಮ್ಮಯ್ಯನವರ ಕಣ್ಣಿಗೆ ಅದು ಏಳು ಸುತ್ತಿನ ಕೋಟೆಯೊಳಗಣ ಒಡ್ಡೋಲಗದಂತೆ ಕಂಡಿತು. ಅಲ್ಲಿ ಆಡಿದ ಮಾತು ಆಡಿದಂತೆಯೇ ನಡೆದುಬಿಡುತ್ತದೆಂದು ಅವರು ನಂಬಿದರು. ಕಳಸದ ಸುತ್ತಿನ ಎಸ್ಟೇಟುಗಳಲ್ಲಿ ಚಳಿಜ್ವರಕ್ಕೆ ಜನ ಸಾಯುತ್ತಿದ್ದಾರೆ, ಅಲ್ಲೊಂದು ಆಸ್ಪತ್ರೆ ಬೇಕು ಎಂಬ ಸೂಚನೆಯನ್ನು ಮಂಡಿಸಿದರು.

ಸಭೆಯಲ್ಲೊಂದು ಸಭ್ಯ ಪದ್ಧತಿಯಿತ್ತು. ಸರ್ಕಾರದ ಕಡೆಯಿಂದ “ಪರಿಶೀಲಿಸುತ್ತೇವೆ” ಎಂಬ ಉತ್ತರ ಬಂದೊಡನೆ ಸೂಚಕರು ಎದ್ದು ವಂದಿಸಿ ಸೂಚನೆಯನ್ನು ಹಿಂತೆಗೆದುಕೊಳ್ಳುವುದು. ಮತಕ್ಕೆ ಹಾಕಿರೆಂದು ಹಟ ಹಿಡಿಯುವುದು ಮರ್ಯಾದೆಯಲ್ಲ. ತಮ್ಮಯ್ಯನವರೂ ಕೈಮುಗಿದು ಹಿಂತೆಗೆದುಕೊಂಡರು. ಹಾಗೆ ಹಿಂತೆಗೆದುಕೊಂಡದ್ದಕ್ಕೆ ಮುಂದೆ ಉತ್ತರ ಕೊಡುವ ಹೊಣೆ ಯಾರಿಗೂ ಇಲ್ಲವೆಂಬುದು ಅವರಿಗೆ ಹೊಳೆಯಲಿಲ್ಲ. ಊರಿಗೆ ಬಂದು, ಆಸ್ಪತ್ರೆ ಬಂದೇಬಿಟ್ಟಿತೆಂಬಂತೆ ಸಾರಿದರು.

ನಂಬಿದವರಲ್ಲಿ ಕಳಸದ ಕಡೆಯ ತೋಟದಲ್ಲಿ ಕಾಫಿಹಣ್ಣು ಕುಯ್ಯುತ್ತಿದ್ದ ತಂಗಮ್ಮನೂ ಒಬ್ಬಳು. ಜ್ವರ ಹತ್ತಿದ ಮಗಳನ್ನು ಡೋಲಿಯಲ್ಲಿ ಮೂಡಿಗೆರೆಯ ಆಸ್ಪತ್ರೆಗೆ ಒಯ್ಯದೆ, ಇವತ್ತು ಡಾಕ್ಟರು ಬಂದಾರು, ನಾಳೆ ಬಂದಾರು ಎಂದು ಕೂಲಿಲೈನಿನ ಮನೆಯಲ್ಲೇ ಕಾದಳು. ಮಗು ಕಾಯಲಿಲ್ಲ.

ಸುದ್ದಿ ತಿಳಿದು ತಮ್ಮಯ್ಯನವರು ಹೋದಾಗ ಅವಳು ಅಳಲಿಲ್ಲ.

“ನೀವು ಕೇಳಿದ್ದು ದಿಟ್ವಾ ಅಯ್ಯ?”

“ಕೇಳ್ದೆ ತಂಗಮ್ಮ. ನೋಡ್ತೀವಿ ಅಂದ್ರು. ಅದಕ್ಕೆ... ವಾಪಸ್ ತಗೊಂಡೆ.”

“ಅವ್ರು ಕೊಡೋಕ್ ಮುಂಚೇನೇ? ಮೇಸ್ತ್ರಿ ಹತ್ರ ಒಂದು ಕಂಬ್ಳಿ ಕೇಳಿದ್ರೂ, ಇಲ್ಲ ಅನ್ನೋವರ್ಗೂ ನಾವು ಕದಲಲ್ಲ. ಇಲ್ಲ ಅನ್ನಿಸ್ಕೊಂಡಾದ್ರೂ ಬರ್ಬಾರ್ದಿತ್ತಾ? ಮಗೀನ ಹೊತ್ಕೊಂಡು ಹೋಗ್ತಿದ್ದೆ.”

ಮರುವರ್ಷ ಅದೇ ಸೂಚನೆ, ಅದೇ ಉತ್ತರ. ತಮ್ಮಯ್ಯನವರು ಏಳಲಿಲ್ಲ. ಪಕ್ಕದಲ್ಲಿದ್ದ ಸಹಸದಸ್ಯರೂ ಸ್ನೇಹಿತರೂ ಆದ ಆಲ್ದೂರಿನ ಕಾಫಿ ವ್ಯಾಪಾರಿ ಜಿಯಾಉದ್ದೀನ್ ಸಾಹೇಬರು ಪಂಚೆ ಜಗ್ಗಿದರು. “ಏಳು ಮಾರಾಯ, ಕೈ ಮುಗ್ದು ಮುಗಿಸು. ತೋಟದೋರ ಓಟಲ್ಲಿ ಬಂದೋನು ನೀನು, ಮುಂದಿನ್ಸಲ ಮನೇಲಿ ಕೂರಿಸ್ತಾರೆ.”

“ಕೂರಿಸ್ಲಿ ಬಿಡು. ಮನೇಲೂ ಕುರ್ಚಿ ಇದೆ.”

ಸೂಚನೆ ಮತಕ್ಕೆ ಬಿದ್ದು ಸೋತಿತು. ಪರವಾಗಿ ಎದ್ದ ಕೆಲವೇ ಕೈಗಳಲ್ಲಿ ಜಿಯಾಉದ್ದೀನ್ ಸಾಹೇಬರದೂ ಒಂದು, ಬೈದುಕೊಂಡೇ ಎತ್ತಿದ್ದು. ಆ ಸೋಲನ್ನು ಹೊತ್ತು ತಮ್ಮಯ್ಯನವರು ನೇರ ಕಳಸಕ್ಕೆ ಬಂದರು. “ಆಸ್ಪತ್ರೆ ಬರೋದಿಲ್ಲ, ಯಾರೂ ಕಾಯ್ಬೇಡಿ” ಎಂದು ಲೈನು ಲೈನಿಗೂ ಹೇಳಿದರು, ಕ್ವಿನೈನ್ ಹಂಚಿದರು, ಡೋಲಿ ಹೊರುವವರನ್ನು ಹೊರನಾಡಿನವರೆಗೂ ಹುಡುಕಿ ನಿಲ್ಲಿಸಿದರು. ಮುಂದಿನ ಚುನಾವಣೆಯಲ್ಲಿ, ಸಭೆಯ ಮರ್ಯಾದೆ ಮೀರಿದರೆಂದು, ತೋಟದ ಧಣಿಗಳು ಅವರನ್ನು ಮನೆಯಲ್ಲೇ ಕೂರಿಸಿದರು. ತಂಗಮ್ಮನಂಥವರಿಗೆ ಓಟೇ ಇರಲಿಲ್ಲ. ಹಾಗೆ ಮನೆಯಲ್ಲಿ ಕೂತದ್ದನ್ನೇ ನಾವಿಂದು ವಿನಯದಿಂದ ನಿವೃತ್ತಿಯೆಂದು ಕರೆಯುತ್ತಿದ್ದೇವೆ.

ಕಳಸಕ್ಕೆ ಆಸ್ಪತ್ರೆ ಇನ್ನೂ ಬಂದಿಲ್ಲ. ಡೋಲಿ ಹೊರಟಾಗಲೆಲ್ಲ ತಮ್ಮಯ್ಯನವರು ಈಗಲೂ ಮುಂದೆ ನಡೆಯುತ್ತಾರೆ. ಅವರು ಬಹುಕಾಲ ಬಾಳಲಿ. ಕಾಲುಗಳಲ್ಲಿ ಕಸುವು ಉಳಿಯಲಿ. ಮೂಡಿಗೆರೆ ಮುಟ್ಟುವವರೆಗೆ ಡೋಲಿಯೊಳಗಿನ ಉಸಿರೂ ಉಳಿಯಲಿ.