ಇಳಕಲ್ ಸೀರೆ ಉಟ್ಟ ಸಿಲಿಂಡರ್

ನಮ್ಮತ್ತೆ ಗುರುಬಸವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹೇಳಿದ್ದು ಒಂದೇ, ಅದಕ್ಕೂ ಉಡಿಸಿದ್ದು ನನ್ನ ಮದುವೆಯ ಇಳಕಲ್ ಸೀರೆ. ಆ ಸಿಟ್ಟು ನನಗೆ ಬಹಳ ವರ್ಷ ಇತ್ತು.

ಬೈಲಹೊಂಗಲದ ನಮ್ಮ ಮನೆಗೆ ಗ್ಯಾಸ್ ಬಂದದ್ದು ತೊಂಬತ್ತೆಂಟರಲ್ಲಿ, ಆರು ವರ್ಷ ಪಾಳಿ ಹಚ್ಚಿದ ಮೇಲೆ. ಗ್ಯಾಸ್ ಇದ್ದವರ ರೇಷನ್ ಕಾರ್ಡಿಗೆ ‘ಗ್ಯಾಸ್ ಇದೆ’ ಅನ್ನುವ ಮೊಹರಿನ ಸಿಕ್ಕಾ ಬೀಳಬೇಕು, ಸಿಕ್ಕಾ ಬಿದ್ದರೆ ಸರ್ಕಾರದ ಅಗ್ಗದ ನೀಲಿ ಚಿಮಣಿ ಎಣ್ಣೆ ಬಂದ್. ಅತ್ತೆ ಸಿಕ್ಕಾ ಹಾಕಿಸಲೇ ಇಲ್ಲ. ಎಣ್ಣೆ ಬೇಕಾಗಿದ್ದು ಆಕೆಗಲ್ಲ, ಪಕ್ಕದ ಮನೆಯ ಸುಂದರವ್ವನಿಗೆ. ಗಂಡ ಬಿಟ್ಟ ಹೆಂಗಸು. ಕಾರ್ಡು ರಾಮದುರ್ಗದಲ್ಲಿ ಗಂಡನ ಕೈಯಲ್ಲಿತ್ತು. ನಮ್ಮ ಎಣ್ಣೆಯಿಂದಲೇ ಸ್ಟೋವ್ ಹಚ್ಚಿ, ಖಾನಾವಳಿಗೆ ದಿನಕ್ಕೆ ನೂರು ರೊಟ್ಟಿ ಬಡಿದು ಬದುಕುತ್ತಿದ್ದಳು.

ನಾನು ಸೊಸೆಯಾಗಿ ಬಂದ ವರ್ಷ, ಶ್ರಾವಣದ ಒಂದು ಶುಕ್ರವಾರ ಸುಂದರವ್ವ ಓಡಿಬಂದಳು.

"ಯಕ್ಕಾ, ರೇಷನ್ ಇನ್‌ಸ್ಪೆಕ್ಟರ್ ಓಣಿಯೊಳಗ ಬಂದಾರ. ಮನಿ ಮನಿ ಹೊಕ್ಕು ನೋಡಾಕ ಹತ್ಯಾರ."

ಒಲೆ ಬುಟ್ಟಿಯಡಿ ಹೋಯಿತು. ಸಿಲಿಂಡರನ್ನು ದೇವರ ಕೋಣೆಗೆ ಉರುಳಿಸಿದೆವು. ಅತ್ತೆ ನನ್ನ ಟ್ರಂಕು ತೆಗೆದು, ಸೀರೆ ಎಳೆದು, ನಿರಿಗೆ ಹಿಡಿದು ಅದಕ್ಕೆ ಉಡಿಸಿ, ಮೇಲೆ ಕಣ್ಣು ಬರೆದ ತೆಂಗಿನಕಾಯಿ ಇಟ್ಟಳು. ಖರೇ ಹೇಳುತ್ತೇನೆ, ಆ ಸೀರೆ ನನಗಿಂತ ಅದಕ್ಕೇ ಒಪ್ಪಿತ್ತು.

ಇನ್‌ಸ್ಪೆಕ್ಟರ್ ಕೃಷ್ಣಾಜಿ ಅಡುಗೆಮನೆ ನೋಡಿದರು, ಏನೂ ಸಿಗಲಿಲ್ಲ. ಹೊರಡುವಾಗ ದೇವರ ಕೋಣೆ ಕಂಡು ನಿಂತು ಕೈಮುಗಿದರು.

"ಲಕ್ಷ್ಮೀನ ಎಷ್ಟು ಛಂದ ಕುಂದರಿಸೀರಿ. ಶುಕ್ರವಾರ ಬಂದೇನಿ, ಆರತಿ ಮಾಡದ ಹೆಂಗ ಹೋಗಲಿ?"

ನಾವು ಬಾಯಿ ತೆರೆಯುವುದರೊಳಗೆ ಬತ್ತಿ ಹಚ್ಚಿ, ಹಾಡು ಶುರು ಮಾಡಿ ಮುಂದೆ ನಡೆದೇಬಿಟ್ಟರು. ಗಡಿಬಿಡಿಯಲ್ಲಿ ಬಿಚ್ಚಿದ ಸಿಲಿಂಡರ್, ಸಣ್ಣಗೆ ಗ್ಯಾಸಿನ ವಾಸನೆ ಬರುತ್ತಿತ್ತು. ನನ್ನ ಜೀವ ಬಾಯಿಗೆ ಬಂತು. ನಗುವೂ ಬಂತು, ಏನು ಮಾಡಲಿ.

ಅತ್ತೆ ಹಾರಿ ಬಂದು ಫೂ ಎಂದು ಊದಿ ಆರತಿ ಆರಿಸಿದಳು. ಶುಕ್ರವಾರ, ಲಕ್ಷ್ಮಿಯ ಮುಂದೆ, ಅದೂ ಮುತ್ತೈದೆ ಬಾಯಿಂದ. ಕೃಷ್ಣಾಜಿ ಕಕ್ಕಾಬಿಕ್ಕಿಯಾದರು.

"ಇದೇನ್ ಮಾಡಿದ್ರಿ ಅಮ್ಮಾ?"

"ಅದು ಲಕ್ಷ್ಮಿ ಅಲ್ರಿ ಸಾಹೇಬ್ರ, ಗ್ಯಾಸ್ ಐತ್ರಿ. ನಿಮ್ಮ ಜೀವಕ್ಕಿಂತ ಎಣ್ಣಿ ದೊಡ್ಡದಲ್ರಿ."

ಅವರು ಸೆರಗು ಸರಿಸಿ ನೋಡಿ, ಅಲ್ಲೇ ಕುಸಿದು ಕುಳಿತು ನೀರು ಕೇಳಿದರು. ಒಂದು ತಂಬಿಗೆ ಪೂರ್ತಿ ಕುಡಿದರು. ಆಮೇಲೆ ಚೀಲದಿಂದ ಸಿಕ್ಕಾ ತೆಗೆದು ಕಾರ್ಡಿಗೆ ಒತ್ತಿದರು.

ಸುಂದರವ್ವ ಹೊಸ್ತಿಲಲ್ಲೇ ಅಳತೊಡಗಿದಳು. ಅತ್ತೆ ಗದರಿದಳು: "ಅಳೂದು ಬಿಟ್ಟು ಹಿಟ್ಟು ತಗೊಂಡು ಬಾ. ಒಲಿಗೆ ಎರಡು ಉರಿ ಅದಾವ, ಒಂದು ನಿಂದು."

ಅಂದಿನಿಂದ ಎರಡು ತಿಂಗಳ ಸಿಲಿಂಡರ್ ಇಪ್ಪತ್ತೇ ದಿನಕ್ಕೆ ಖಾಲಿ. ಉಳಿದ ದಿನ ಕಟ್ಟಿಗೆ ಒಲೆ ಊದುವುದು ನನ್ನ ಪಾಲಿಗೆ. ಮಾವ ಗೊಣಗುತ್ತಿದ್ದರು: "ಸರ್ಕಾರ ನಮಗ ಸಬ್ಸಿಡಿ ಕೊಟ್ರ, ಈಕಿ ಸುಂದರವ್ವಗ ಕೊಡಾಕ ಹತ್ಯಾಳ."

ಎರಡು ಸಾವಿರದ ಏಳರಲ್ಲಿ ಸುಂದರವ್ವನಿಗೆ ಸ್ವಂತ ಹೆಸರಿನ ಕಾರ್ಡು ಬಂತು, ಹಿಂದೆಯೇ ಗ್ಯಾಸೂ ಬಂತು. ಆ ಸಿಲಿಂಡರನ್ನು ಆಕೆ ತನ್ನ ಮನೆಗೆ ಒಯ್ಯಲಿಲ್ಲ. ಸೀದಾ ನಮ್ಮ ದೇವರ ಕೋಣೆಗೆ ಉರುಳಿಸಿಕೊಂಡು ಬಂದಳು.

"ರಾಜೇಶ್ವರಿ, ಆ ಸೀರಿ ಒಂದ್ ದಿನ ಕೊಡವಾ."

ಕೊಟ್ಟೆ. ನಾನೇ ನಿರಿಗೆ ಹಿಡಿದು ಉಡಿಸಿದೆ. ಅತ್ತೆ ಅಕ್ಕಿ, ಕೊಬ್ಬರಿ ಇಟ್ಟು ಅದರ ಉಡಿ ತುಂಬಿದಳು. ಆರತಿ ಮಾತ್ರ ಯಾರೂ ಹಚ್ಚಲಿಲ್ಲ.