ಹುಣಸೆಮರ ಇಲ್ಲದ ವರ್ಷ

ಕರಗಿದ ಮೇಣದ ವಾಸನೆ ಮೂಗಿಗೆ ಬಡಿದರೆ ಸಾಕು, ನಮ್ಮಜ್ಜಿಯ ಜೊತೆ ಶ್ರೀರಂಗಪಟ್ಟಣದ ಕೋಟೆಗೋಡೆಯ ಉದ್ದಕ್ಕೂ ನಡೆದದ್ದು ನೆನಪಾಗುತ್ತದೆ. ಆಗ ನಮ್ಮ ಮನೆ ಮೈಸೂರಿನಲ್ಲಿ, ಬನ್ನಿಮಂಟಪದ ಹತ್ತಿರ. ಮನೆ ತುಂಬ ಜನ. ಎಲ್ಲರಿಗೂ ಅಜ್ಜಿಯ ಮಾತೇ ಕಾನೂನು. ತಾತನ ತಾತ ಸುಲ್ತಾನರ ಫಿರಂಗಿ ಎಳೆಯುವ ಎತ್ತುಗಳನ್ನು ನೋಡಿಕೊಳ್ಳುತ್ತಿದ್ದರಂತೆ. ಕೋಟೆ ಬಿದ್ದ ದಿನ ಸತ್ತರು, ಹೆಣ ಸಿಗಲಿಲ್ಲ. ಸತ್ತವರ ಹಬ್ಬದ ದಿನ ಊರಿನ ಉಳಿದ ಕ್ರೈಸ್ತರೆಲ್ಲ ತಮ್ಮವರ ಗೋರಿಗೆ ಮೇಣದಬತ್ತಿ ಹಚ್ಚಿದರೆ, ಗೋರಿಯೇ ಇಲ್ಲದ ಈ ಹಿರಿಯರಿಗಾಗಿ ನಾವು ಜಟಕಾ ಮಾಡಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದೆವು. ಗೋಡೆ ಒಡೆದ ಜಾಗದಲ್ಲಿ ಇಳಿದು, ಕಾವೇರಿಯ ಪಕ್ಕದಲ್ಲೇ ಗಂಜಾಮಿನ ಅಂಜೂರದ ತೋಟಗಳವರೆಗೂ ನಡಿಗೆ. ಇಲ್ಲಿ ಇಂಗ್ಲಿಷರು ಹೊಳೆ ದಾಟಿದರಂತೆ, ಇಲ್ಲಿ ಗುಂಡು ಬಿತ್ತಂತೆ ಎಂದು ಅಜ್ಜಿ ತಾವೇ ನೋಡಿದವರ ಹಾಗೆ ಹೇಳುತ್ತಿದ್ದರು. ದಾರಿಯಲ್ಲೊಂದು ಹುಣಸೆಮರ, ಆ ಹಿರಿಯರು ಸತ್ತು ಬಿದ್ದದ್ದು ಅದರ ಬುಡದಲ್ಲಂತೆ. ಅಲ್ಲಿ ಬತ್ತಿ ಹಚ್ಚದಿದ್ದರೆ ಅವರ ಆತ್ಮಕ್ಕೆ ನೆಮ್ಮದಿಯಿಲ್ಲವೆಂದು ನಾನು ಗಟ್ಟಿಯಾಗಿ ನಂಬಿದ್ದೆ.

ನನಗೆ ಒಂಬತ್ತಾದ ವರ್ಷ ಅಜ್ಜಿಯ ಕಣ್ಣು ಮಂಜಾಗಿತ್ತು. ಕೈಹಿಡಿದು ನಡೆಸುವ ಕೆಲಸ ನನ್ನದು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ, ತೆನೆ ಬಂದ ಭತ್ತದ ಗದ್ದೆ. ನಡೆದೇ ನಡೆದೆವು, ಮರ ಮಾತ್ರ ಬರಲೇ ಇಲ್ಲ. ಯಾರೋ ಕಡಿದುಕೊಂಡು ಹೋಗಿದ್ದರು. ಬುಡ ಮುಳ್ಳುಕಂಟಿಯಲ್ಲಿ ಎಲ್ಲೋ ಮುಚ್ಚಿಹೋಗಿತ್ತು. ಮನೆಯನ್ನೆಲ್ಲ ನಡುಗಿಸುತ್ತಿದ್ದ ಅಜ್ಜಿ ದಾರಿಯ ನಡುವೆ ನಿಂತು ಅಳತೊಡಗಿದರು. ನನಗೆ ದಿಕ್ಕೇ ತೋಚಲಿಲ್ಲ. ಪಕ್ಕದಲ್ಲಿ ಯಾವುದೋ ಮರದ ಮೋಟು ಕಂಡಿತು. “ಇಲ್ಲೇ ಇದೆ ಅಜ್ಜಿ, ಹುಣಸೆ ಬುಡ!” ಎಂದುಬಿಟ್ಟೆ. ಅಜ್ಜಿ ಅದನ್ನು ಸವರಿ ನೋಡಿ ಬತ್ತಿ ಹಚ್ಚಿದರು.

ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ನನ್ನ ಸುಳ್ಳಿನಿಂದ ಒಂದು ಆತ್ಮ ಅಲೆಯುತ್ತಿದೆಯಲ್ಲ ಎಂಬ ಭಯ. ಮುಂದಿನ ಬೇಸಿಗೆಗೆ ಚರ್ಚಿನಲ್ಲಿ ನನ್ನ ಮೊದಲ ಪರಮಪ್ರಸಾದ, ಪೂಜೆಯ ರೊಟ್ಟಿ ಸ್ವೀಕರಿಸುವ ದಿನ. ಅದಕ್ಕೆ ಮುಂಚೆ ಗುರುಗಳ ಹತ್ತಿರ ಪಾಪಗಳನ್ನೆಲ್ಲ ಹೇಳಿಕೊಳ್ಳಬೇಕು. ಹೇಳಿದರೆ ಹೇಗೋ ಅಜ್ಜಿಗೆ ಗೊತ್ತಾಗಿಬಿಡುತ್ತದೆಂಬ ಅಂಜಿಕೆ, ಬಚ್ಚಿಟ್ಟರೆ ನರಕ. ಗುರುಗಳ ಹತ್ತಿರ ಹೋಗುವ ಹಿಂದಿನ ದಿನ, ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಜ್ಜಿಯ ಮುಂದೆ ಕೂತು, ಬಿಕ್ಕುತ್ತ ಎಲ್ಲವನ್ನೂ ಕಕ್ಕಿಬಿಟ್ಟೆ.

“ಅಯ್ಯೋ ಹುಚ್ಚೀ, ಅದು ಬೇವಿನ ಬುಡ ಅಂತ ಮುಟ್ಟಿದ ತಕ್ಷಣ ಗೊತ್ತಾಯ್ತು ಕಣೆ,” ಎಂದು ಅಜ್ಜಿ ನಕ್ಕರು. “ಅವ್ರು ಎಲ್ಲಿ ಬಿದ್ರೋ ಯಾರು ಕಂಡೋರು? ನಾನು ಮದ್ವೆಯಾಗಿ ಬಂದ ವರ್ಷ ನಮ್ಮತ್ತೆ ಕರ್ಕೊಂಡು ಹೋದ್ರು. ನಡ್ದು ನಡ್ದು ನಂಗೆ ಸುಸ್ತಾಗೋಯ್ತು. ಆ ಮರದ ನೆರಳಲ್ಲಿ ಕೂರ್ಸಿ, ಇಲ್ಲೇ ಹಚ್ಬುಡಣ ಬಾ ಅಂದ್ರು. ಆವತ್ತಿಂದ ಅದೇ ಜಾಗ ಆಗೋಯ್ತು.”

“ಮತ್ತೆ ನೀವು ಅತ್ತಿದ್ದು ಯಾಕಜ್ಜಿ?”

“ನಮ್ಮತ್ತೆ ಜೊತೆ ಕೂತಿದ್ದ ಮರ ಅಲ್ವೇನೆ ಅದು. ಏಳು, ಊಟ ಮಾಡು.”

ಎದೆ ಹಗುರವಾಯಿತು. ಎಷ್ಟೋ ತಿಂಗಳ ಮೇಲೆ ಆ ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಆ ಮನೆ, ಆ ಜನ ಒಬ್ಬರೂ ಈಗಿಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇದ್ದಿರಬೇಕು. ಆಮೇಲೂ ನಾನು ಸುಳ್ಳು ಹೇಳಿದ್ದೇನೆ, ತಪ್ಪು ಮಾಡಿದ್ದೇನೆ. ಅದನ್ನೆಲ್ಲ ಕೇಳಿ, ‘ಹುಚ್ಚೀ’ ಎಂದು ನಕ್ಕು, ನನ್ನನ್ನು ಊಟಕ್ಕೆ ಎಬ್ಬಿಸುವವರು ಯಾರೂ ಉಳಿದಿಲ್ಲ.