ಮರ್ಯಾದಸ್ಥ ಅಂಕಯ್ಯನ ಮನೆ ಶೋಧ

ಪೊಲೀಸರು ಯಾರ ಮನೆ ಶೋಧಿಸಬೇಕಾದರೂ ಊರಿನ ಇಬ್ಬರು ಮರ್ಯಾದಸ್ಥರು ಎದುರಿಗಿರಬೇಕೆಂದು ಮಹಾರಾಜರ ಸರ್ಕಾರದ ಕಾನೂನು. ಒಳ್ಳೆಯ ಕಾನೂನೇ. ಆದರೆ ಕೋಡಿಹಳ್ಳಿ ಕಡೆಯ ನಮ್ಮೂರಿನಲ್ಲಿ ಮರ್ಯಾದಸ್ಥನೆಂದರೆ ಅಂಕಯ್ಯನೊಬ್ಬನೇ. ಎರಡನೆಯವನು ನಾನು, ಸಹಿ ಹಾಕಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ.

ಅಂಕಯ್ಯ ಕುಡಿಯುವುದಿಲ್ಲ, ಜಗಳಕ್ಕೆ ಹೋಗುವುದಿಲ್ಲ, ಪಕ್ಕದವರ ಬದು ಒತ್ತಿ ಉಳುವುದಿಲ್ಲ. ಈ ತಪ್ಪಿಗಾಗಿ ಎಂಟು ವರ್ಷದಲ್ಲಿ ಹತ್ತೊಂಬತ್ತು ಶೋಧಗಳಿಗೆ ನಿಂತು ಕಾಲು ನೋಯಿಸಿಕೊಂಡಿದ್ದ. ಕಾಯಿದೆ ದಫೇದಾರರಿಗಿಂತ ಅವನಿಗೇ ಚೆನ್ನಾಗಿ ಬರುತ್ತಿತ್ತು.

ಆ ದಿನ ಪಟೇಲರ ಮನೆಯ ಬೆಳ್ಳಿ ಉಡುದಾರ ಕಾಣೆಯಾಗಿತ್ತು. ದಫೇದಾರ್ ಮುನಿಶಾಮಯ್ಯನವರು ಬೆಳಿಗ್ಗೆಯಿಂದ ಅನುಮಾನದ ಮೇಲೆ ದೊಡ್ಡಮುನಿಯಪ್ಪನ ಮನೆಯಲ್ಲಿ, ನಮ್ಮಿಬ್ಬರನ್ನು ನಿಲ್ಲಿಸಿಕೊಂಡು, ಮುರುಕು ಸೌಟನ್ನೂ ಬಿಡದೆ ಪಟ್ಟಿ ಬರೆಸುತ್ತಿದ್ದರು. ಅಷ್ಟರಲ್ಲಿ ಅಂಕಯ್ಯನ ಹೆಂಡತಿ ಮಾಯಮ್ಮ ಓಡಿಬಂದಳು.

"ಇಲ್ಲೇ ನಿಂತ್ಕಂಡವ್ರಲ್ಲಪ್ಪಾ! ಹುಳ ಹಣ್ಣಾಗವೆ, ಸೊಪ್ಪಿನ ಮ್ಯಾಲೇ ನೂಲು ಬುಡ್ತಾವೆ. ನಾನೊಬ್ಳೇ ಎಷ್ಟು ಅಂತ ಆಯ್ಲಿ?"

ಹಣ್ಣಾದ ರೇಷ್ಮೆಹುಳುವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡಬೇಕು. ಸಂಜೆಯೊಳಗೆ ಬಿಡದಿದ್ದರೆ ತಿಂಗಳ ದುಡಿಮೆಯೆಲ್ಲ ತಿಪ್ಪೆಗೆ.

"ಬುದ್ಧಿ, ಒಸಿ ಬುಡಿ, ಹೋಯ್ತೀನಿ" ಎಂದ ಅಂಕಯ್ಯ ದಫೇದಾರರಿಗೆ.

"ಪಟ್ಟಿಗೆ ಸಹಿ ಆಗೋವರೆಗೂ ಕದಲಬೇಡ ಕಣಯ್ಯ. ನೀನು ಮರ್ಯಾದಸ್ಥ."

ಅಂಕಯ್ಯನಿಗೆ ರೇಗಿಹೋಯಿತು. "ಹಂಗಾರೆ ನನ್ ಮ್ಯಾಲೂ ಅನುಮಾನ ಐತೆ. ನಮ್ಮನೇನೂ ಜಾಲಾಡಿ!"

"ಯಾರಿಗೆ ಅನುಮಾನ?"

"ನಂಗೇಯಾ! ಹುಳದ ತಟ್ಟೇಲಿ ಸೊಪ್ಪಿನಡಿ ಉಡುದಾರ ಇದ್ರೂ ಇರಬೌದು."

ಇಂಥ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿದ್ದರೆ ಮೇಲಿನವರು ಬಿಟ್ಟಾರೆಯೇ? ದಫೇದಾರರು ಪಟ್ಟಿಗೆ 'ಏನೂ ಸಿಗಲಿಲ್ಲ' ಎಂದು ಬರೆಸಿ, ಸಹಿ ಹಾಕಿಸಿ ಹೊರಟರು. ಅಂಕಯ್ಯನದೇ ಮನೆಯಾದ್ದರಿಂದ ಸಾಕ್ಷಿ ಒಂದು ಕಡಿಮೆಯಾಯಿತಲ್ಲ, ಅಲ್ಲಿಯವರೆಗೆ ಕಳ್ಳನಾಗಿದ್ದ ದೊಡ್ಡಮುನಿಯಪ್ಪನನ್ನೇ ಮರ್ಯಾದಸ್ಥನನ್ನಾಗಿ ಮಾಡಿಕೊಂಡರು.

ಬಾಗಿಲಲ್ಲಿ ಅಂಕಯ್ಯ ಅಡ್ಡ ನಿಂತ. "ಮೊದ್ಲು ನಿಮ್ ಮೈ ತೋರ್ಸಿ ಬುದ್ಧಿ. ನೀವೇ ಏನಾರ ತಂದು ಮಡಗಿಬುಟ್ರೆ?"

ದಫೇದಾರರ ಜೇಬಿನಿಂದ ನಸ್ಯದ ಡಬ್ಬಿಯೂ ಹೊಗೆಸೊಪ್ಪೂ ಹೊರಬಂದವು. ಎರಡೂ ಹುಳುವಿಗೆ ವಿಷ. ಜಗುಲಿಯಲ್ಲೇ ಉಳಿದವು. ಎಲ್ಲರೂ ಕೈಕಾಲು ತೊಳೆದೆವು.

"ತಟ್ಟೆ ಕೊಡವಂಗಿಲ್ಲ. ಹುಳ ಸತ್ರೆ ಅದ್ನೂ ಪಟ್ಟೀಲಿ ಬರೀಬೇಕಾಯ್ತದೆ, ಒಂದೊಂದಾಗಿ" ಎಂದ ಅಂಕಯ್ಯ. ಸೊಪ್ಪಿನಡಿ ನೋಡಬೇಕಾದರೆ ಹುಳು ಎತ್ತದೆ ಬೇರೆ ದಾರಿಯಿರಲಿಲ್ಲ.

ದಫೇದಾರರು, ಇಬ್ಬರು ಪೇದೆಗಳು, ದೊಡ್ಡಮುನಿಯಪ್ಪ, ನಾನು, ಎಲ್ಲರೂ ಹೊತ್ತು ಮುಳುಗುವ ತನಕ ಹುಳು ಆಯ್ದು ಚಂದ್ರಂಕಿಗೆ ಬಿಟ್ಟೆವು. ನನ್ನ ಕೈಯಿಂದ ನಾಲ್ಕು ಜಾರಿದ್ದನ್ನು ನೋಡಿ ಮಾಯಮ್ಮ, "ನಿಮ್ ಕೈ ರುಜು ಹಾಕಕ್ಕೇ ಲಾಯಕ್ಕು ಬುಡಿ, ಸ್ವಾಮಿ" ಎಂದಳು. ತಟ್ಟೆಗಳಲ್ಲಿ ಏನೂ ಸಿಗಲಿಲ್ಲ. ಹಾಗೆಂದು ಬರೆದ ಪಟ್ಟಿಯ ನಕಲನ್ನು ಅಂಕಯ್ಯ ಹಟ ಹಿಡಿದು ಕೇಳಿ ಇಸಿದುಕೊಂಡ. ಉಡುದಾರ ಮಾರನೆಯ ದಿನ ಪಟೇಲರ ಮೊಮ್ಮಗನ ತೊಟ್ಟಿಲಲ್ಲೇ ಸಿಕ್ಕಿತು.

ಶೋಧವಾದ ಮನೆಯವನನ್ನು ಇನ್ನು ಸಾಕ್ಷಿಗೆ ಯಾರು ಕರೆಯುತ್ತಾರೆಂದು ಅಂಕಯ್ಯ ಹಾಯಾಗಿದ್ದ. ವಾರ ಕಳೆಯುವಷ್ಟರಲ್ಲಿ ದಫೇದಾರರು ಮತ್ತೆ ಬಾಗಿಲಿಗೆ ಬಂದರು.

"ಏಳಯ್ಯ, ಶೋಧ ಇದೆ. ಮನೇಲಿ ಏನೂ ಸಿಗಲಿಲ್ಲ ಅಂತ ಸರ್ಕಾರದ ಕಾಗದ ಇರೋದು ಊರಿಗೆಲ್ಲ ನಿನಗೂ ದೊಡ್ಡಮುನಿಯಪ್ಪನಿಗೂ ಮಾತ್ರ."

"ಥೂ, ಇದರ ಮನೆ ಹಾಳಾಗ!" ಎನ್ನುತ್ತ ಅಂಕಯ್ಯ ಟವೆಲು ಕೊಡವಿಕೊಂಡು ಎದ್ದ.

ನನ್ನನ್ನು ಕರೆಯಲಿಲ್ಲ. ನನ್ನ ಮನೆ ಇನ್ನೂ ಶೋಧವಾಗಿಲ್ಲವಲ್ಲ.